ಜೂನ್ ಒಂದರ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುರಿಗಡಲೆ ಬಣ್ಣದ ಗಟ್ಟಿ ಚರ್ಮ. ಮಳೆಗಾಲದಲ್ಲಿ ಅದು ಸೀಳುತ್ತಿತ್ತು, ಆಗ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಸ್ಟಾಫ್ ರೂಮಿನ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿಗೆ ಸಿಕ್ಕಿಸಿದ ನೀಲಿ ಪೆನ್ನು, ಒಪ್ಪವಾಗಿ ಬಾಚಿದ ಕೂದಲು. ಮೊಣಕಾಲಿನ ಮೇಲೆ ನೋಡಿದರೆ ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರೆಂದು ಯಾರಾದರೂ ಹೇಳಬಹುದಿತ್ತು. ಚಪ್ಪಲಿ ಬಿಟ್ಟರೆಂದರೆ ಮಾತ್ರ ಅವರು ಬೇರೆಯೇ ಮನುಷ್ಯ. ಚಿಕ್ಕವರಿದ್ದಾಗ ತರೀಕೆರೆಯ ಹುಡುಗರ ತಂಡದಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ ಆಡಿ ಹೋದ ಉಗುರಂತೆ ಅದು, ಮತ್ತೆ ಬರಲೇ ಇಲ್ಲ.

ಅವರದು ತರೀಕೆರೆಯಲ್ಲಿ ತಲೆತಲಾಂತರದಿಂದ ನೆಲೆಸಿದ ಮನೆತನ. ಮನೆಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಎಮ್ಮೆದೊಡ್ಡಿ ಕಾವಲೆಂಬ ಸರ್ಕಾರಿ ಹುಲ್ಲುಗಾವಲಿನ ಅಂಚಿನಲ್ಲಿದ್ದ ನಮ್ಮ ಹಳ್ಳಿಗೆ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಅಚ್ಚ ಕನ್ನಡದವರಾದ ನಾವು ಹಾಲಿಗೆ ಆಲು, ಹೂವಿಗೆ ಊವು ಅನ್ನುತ್ತಿದ್ದೆವು. ನಮ್ಮ ಹಕಾರಗಳನ್ನೆಲ್ಲ ತಿದ್ದಿ ಸರಿಮಾಡಿದ್ದು ಮನೆಯಲ್ಲಿ ಬೇರೆ ಭಾಷೆಯಾಡುವ ಈ ಮನುಷ್ಯ. ಸರಿಯಾಗಿ ಹೇಳುವವರೆಗೂ ಬಿಸಿಯೂಟಕ್ಕೆ ಬಿಡುತ್ತಿರಲಿಲ್ಲ. ಕಾಗುಣಿತ ತಪ್ಪಿದರೆ ಹೊಡೆಯುತ್ತಿರಲಿಲ್ಲ, ಆದರೆ ಆ ತಪ್ಪನ್ನು ಗಟ್ಟಿಯಾಗಿ ಓದಿಸಿ ಇಡೀ ತರಗತಿ ನಗುವಂತೆ ಮಾಡುತ್ತಿದ್ದರು. ನನಗೆ ಏಟೇ ವಾಸಿ ಅನ್ನಿಸುತ್ತಿತ್ತು.

ಸಂಜೆ ಮೂರೂವರೆಗೆ ಚೆಂಡು ಹೊರಗೆ ಬರುತ್ತಿತ್ತು. ಆ ಚೆಂಡಿನ ಕಥೆಯೇ ಒಂದು. ಮೈದಾನದ ಸುತ್ತ ಜಾಲಿ, ವಾರಕ್ಕೆರಡು ಪಂಕ್ಚರ್. ಮೇಷ್ಟ್ರು ಅದನ್ನು ಚೀಲದಲ್ಲಿ ಹಾಕಿಕೊಂಡು ತರೀಕೆರೆಗೆ ಹೋಗಿ, ತಾವೇ ಹೊಲಿದು ತರುತ್ತಿದ್ದರು. ಕೊನೆಕೊನೆಗೆ ಅದು ಚೆಂಡಾಗಿ ಉಳಿಯದೆ ಕುಂಬಳಕಾಯಿಯಾಗಿತ್ತು, ಒದ್ದರೆ ತನಗೆ ತೋಚಿದ ಕಡೆ ಹೋಗುತ್ತಿತ್ತು. ಅಂಥ ಚೆಂಡನ್ನು ಹಿಡಿತಕ್ಕೆ ತಂದುಕೊಂಡವರಿಗೆ ಮುಂದೆ ಯಾವ ಚೆಂಡೂ ಕಷ್ಟವಾಗಲಿಲ್ಲ. ಹುಡುಗರನ್ನು ಕಬಡ್ಡಿಗೆ ಕಳಿಸಿ ಹುಡುಗಿಯರಿಗೆ ಮಾತ್ರ ಫುಟ್‌ಬಾಲ್ ಕಲಿಸುವ ಈ ಹುಚ್ಚನ್ನು ಊರವರು ಅರಳಿಕಟ್ಟೆಯಲ್ಲಿ ಕೂತು ನೋಡುತ್ತಿದ್ದರು. ಇವತ್ತು ಚೆಂಡು ಒದೆಯೋದು ಕಲಿಸ್ತಾರೆ, ನಾಳೆ ಗಂಡನ್ನ ಒದೀತವೆ ಎಂದು ಒಬ್ಬರು ಅಂದಾಗ ಮೇಷ್ಟ್ರು ನಕ್ಕು, ಗಂಡ ನೆಟ್ಟಗಿದ್ದರೆ ಯಾಕೆ ಒದೀತಾರೆ ಅಂದಿದ್ದರು. ಆ ಮಾತು ನಮ್ಮೂರಲ್ಲಿ ಈಗಲೂ ಓಡಾಡುತ್ತದೆ.

ಇನ್ನೊಂದು ತಮಾಷೆ ಇತ್ತು. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಹುಟ್ಟಿದ್ದು ಜೂನ್ ಒಂದಕ್ಕೆ. ಮನೆಯಲ್ಲೇ ಹೆರಿಗೆಯಾಗಿ, ಹುಟ್ಟಿದ ತಾರೀಖು ಬರೆದಿಟ್ಟಿರದ ಮಕ್ಕಳಿಗೆಲ್ಲ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬೀಳುತ್ತಿದ್ದ ತಾರೀಖು ಅದು. ಅವ್ವಂದಿರು ಉಗಾದಿ ಹಿಂದೆಮುಂದೆ, ರಾಗಿ ಕೊಯ್ಲಿನ ಹೊತ್ತು ಎಂದು ಹೇಳುತ್ತಿದ್ದರು, ಮೇಷ್ಟ್ರು ಜೂನ್ ಒಂದು ಎಂದು ಬರೆಯುತ್ತಿದ್ದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನ ಅವರು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತಂದು, ಇವತ್ತು ನಿಮ್ಮೆಲ್ಲರ ಹುಟ್ಟುಹಬ್ಬ ಅಂತ ಹಂಚುತ್ತಿದ್ದರು. ನಾನು ಹುಟ್ಟಿದ್ದು ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಎಂದು ಅವ್ವ ಹೇಳುತ್ತಿದ್ದಳು. ಮಿಠಾಯಿ ಸಿಗುವಾಗ ಆ ಮಾತು ಯಾರಿಗೆ ಬೇಕು.

ಆರನೇ ತರಗತಿಯಲ್ಲಿದ್ದಾಗ ಒಂದು ಸಂಜೆ ನಾನು ಒದ್ದ ಚೆಂಡು ಕಾವಲಿನೊಳಗೆ ಹೋಗಿ ಅಮೃತಮಹಲ್ ದನಗಳ ನಡುವೆ ಬಿತ್ತು. ಆ ದನಗಳನ್ನು ಕಂಡವರಿಗೆ ಗೊತ್ತು, ಕತ್ತಿಯಂಥ ಕೊಂಬು, ಗುರುತಿಲ್ಲದವರನ್ನು ಹತ್ತಿರ ಸೇರಿಸುವುದಿಲ್ಲ. ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ನಡೆದರು. ನಾಲ್ಕೈದು ದನ ತಲೆಯೆತ್ತಿದವು, ಒಂದು ಕಾಲು ಕೆರೆಯಿತು. ಮೇಷ್ಟ್ರು ಅಲ್ಲೇ ನಿಂತುಬಿಟ್ಟರು. ಎಷ್ಟು ಹೊತ್ತು ನಿಂತರೆಂದರೆ ನಮ್ಮಲ್ಲಿ ಇಬ್ಬರು ಅಳಲು ಶುರುಮಾಡಿದ್ದರು. ದನಗಳು ಒಂದೊಂದಾಗಿ ತಲೆ ಬಗ್ಗಿಸಿ ಮೇಯತೊಡಗಿದ ಮೇಲೆ ಅವರು ಚೆಂಡನ್ನು ಕಾಲಲ್ಲೇ ಮೆಲ್ಲಗೆ ತಳ್ಳಿಕೊಂಡು ಬಂದರು.

"ಓಡಿದ್ರೆ ಅಟ್ಟಿಸ್ಕಂಡ್ ಬತ್ತವೆ ಕಣಮ್ಮ. ನಿಂತ್ಕಂಡ್ರೆ ಮರ್ತುಬಿಡ್ತವೆ," ಅಂದರು. "ಡಿಫೆಂಡರ್‌ಗಳೂ ಹಂಗೇ. ಮೊದ್ಲು ನಿಂತ್ಕೊ. ಮರೀಲಿ. ಆಮೇಲೆ ಓಡು."

ನಾನು ಸ್ಟ್ರೈಕರ್ ಆದದ್ದು ಆ ಒಂದು ಪಾಠದಿಂದ. ಪ್ರೌಢಶಾಲೆಗೆ ಕಡೂರಿಗೆ ಬಂದ ಮೇಲೂ ಮೇಷ್ಟ್ರು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ತರೀಕೆರೆಯಿಂದ ಬಂದು ಕಡೂರಿನ ಮೈದಾನದಲ್ಲಿ ನನ್ನನ್ನು ಹುಡುಗರ ಜೊತೆ ಆಡಿಸುತ್ತಿದ್ದರು. ಅಭ್ಯಾಸ ಮುಗಿದು ಇಡ್ಲಿ ತಿನ್ನುವಾಗ ಅವರ ಬಾಯಲ್ಲಿ ಒಂದೇ ಪುರಾಣ: ಭಾರತದ ಹದಿನೇಳು ವರ್ಷದೊಳಗಿನ ಹುಡುಗಿಯರ ತಂಡ. ನಾನು ಕೈಗೂಸಾಗಿದ್ದ ಕಾಲದಲ್ಲಿ ಅವರು ಏಷ್ಯಾದ ದೊಡ್ಡ ಪಂದ್ಯಾವಳಿಗೆ ಹೋಗಿದ್ದರಂತೆ, ಆಮೇಲೆ ಅರ್ಹತಾ ಪಂದ್ಯಗಳಲ್ಲೇ ಸೋತು ಸೋತು ಹಿಂದಿರುಗುತ್ತಿದ್ದರಂತೆ. ಕೊರಿಯಾ, ಚೀನಾ, ಜಪಾನ್ ಎಂದು ಗೆದ್ದವರ ಹೆಸರು ಹೇಳುವಾಗ ತಮ್ಮ ಮನೆಗೆ ಬರಬೇಕಾದ ಸೊಸೆಯನ್ನು ಬೇರೆಯವರು ಕರೆದುಕೊಂಡು ಹೋದ ಹಾಗೆ ಮುಖ ಮಾಡುತ್ತಿದ್ದರು. ಅಷ್ಟರಲ್ಲಿ ಆ ವಯಸ್ಸಿನ ಹುಡುಗಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯುತ್ತದೆಂದು ಸುದ್ದಿ ಬಂತು. ನಡೆಸುವ ದೇಶಕ್ಕೆ ಅರ್ಹತಾ ಪಂದ್ಯ ಆಡುವ ಗೋಜಿಲ್ಲ, ನೇರ ಪ್ರವೇಶ. ಮೇಷ್ಟ್ರು ಅಂದು ಇಡ್ಲಿ ಮುಟ್ಟಲಿಲ್ಲ. ನನ್ನನ್ನೇ ನೋಡುತ್ತಾ ಕೂತಿದ್ದರು.

ಪಿಯುಸಿ ಮೊದಲ ವರ್ಷದಲ್ಲಿ ಬೆಂಗಳೂರಿನ ಆಯ್ಕೆ ಶಿಬಿರದಲ್ಲಿ ನಾನು ಚೆನ್ನಾಗಿಯೇ ಆಡಿದೆ. ಇದರಲ್ಲಿ ವಿನಯ ಬೇಡ. ರಾಷ್ಟ್ರೀಯ ಶಿಬಿರಕ್ಕೆ ಕಳಿಸುವವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮೂಳೆಯ ವಯಸ್ಸು ನೋಡಲು ಮಣಿಕಟ್ಟಿನ ಎಕ್ಸ್‌ರೇ ತೆಗೆದರು, ಅದರಲ್ಲೂ ಪಾಸು. ಕೊನೆಗೆ ಕಾಗದ ಕೇಳಿದರು. ಆ ವರ್ಷದ ತಂಡಕ್ಕೆ ಇಂಥ ವರ್ಷದ ಜನವರಿ ಒಂದರ ನಂತರ ಹುಟ್ಟಿದವರು ಮಾತ್ರ ಎಂದು ನಿಯಮ. ನಾನು ಹುಟ್ಟಿದ್ದು ಆ ಜನವರಿಯಲ್ಲೇ, ಸಂಕ್ರಾಂತಿ ಕಳೆದು ಎಂಟು ದಿನಕ್ಕೆ. ಆದರೆ ಶಾಲೆಯ ದಾಖಲೆ, ಆಧಾರ್, ಅಂಕಪಟ್ಟಿ ಮೂರರಲ್ಲೂ ಅದರ ಹಿಂದಿನ ವರ್ಷದ ಜೂನ್ ಒಂದು ಎಂದಿತ್ತು. ಏಳು ತಿಂಗಳು ದೊಡ್ಡವಳಾಗಿಬಿಟ್ಟಿದ್ದೆ. ಅಪ್ಪ ಅಮಲ್ದಾರರ ಕಚೇರಿಗೆ ಅಲೆದ. ಹುಟ್ಟಿದ್ದು ಎಲ್ಲೂ ನೋಂದಣಿಯಾಗಿಲ್ಲ, ಕೋರ್ಟಿನಿಂದ ಆದೇಶ ತನ್ನಿ ಅಂದರು. ಕೋರ್ಟಿನ ತಾರೀಖು ಬರುವಷ್ಟರಲ್ಲಿ ಶಿಬಿರ ಶುರುವಾಗಿತ್ತು.

ಅಪ್ಪನ ಅಲೆದಾಟಕ್ಕೂ ಮೊದಲು, ಬೆಂಗಳೂರಿನಿಂದ ಹಿಂದಿರುಗಿದ ದಿನವೇ, ಮೇಷ್ಟ್ರು ಕಡೂರಿನ ಬಸ್ ನಿಲ್ದಾಣಕ್ಕೆ ಬಂದು ಕಾಯುತ್ತಿದ್ದರು. ಕೈಯಲ್ಲಿ ಕೊಬ್ಬರಿ ಮಿಠಾಯಿಯ ಪೊಟ್ಟಣ. ಏನಾಯಿತೆಂದು ಅವರಿಗಿನ್ನೂ ತಿಳಿದಿರಲಿಲ್ಲ. ಏನಂದ್ರಮ್ಮ ಎಂದು ನಗುತ್ತಾ ಕೇಳಿದರು. ನನ್ನ ತಾರೀಖು ಬರೆದವರು ಯಾರು ಎಂದು ನಾನು ಕೇಳಿದೆ. ಅವರಿಗೆ ತಕ್ಷಣ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು. ಅಷ್ಟಕ್ಕೇ ನಾನು ನಿಲ್ಲಿಸಬಹುದಿತ್ತು.

"ನೀವು ನಂಗೆ ಆಟ ಕಲಿಸ್ದೇ ಇದ್ರೂ ನಡೀತಿತ್ತು ಮೇಷ್ಟ್ರೇ," ಅಂದೆ. "ಒಂದ್ ತಾರೀಖು ಸರಿಯಾಗ್ ಬರ್ದಿದ್ರೆ ಸಾಕಾಗಿತ್ತು. ಇನ್ನು ಮೇಲೆ ನಂಗೆ ಫೋನ್ ಮಾಡ್ಬೇಡಿ."

ಜನ ನೋಡುತ್ತಿದ್ದರು. ಮೇಷ್ಟ್ರು ಕಾವಲಿನ ದನಗಳ ನಡುವೆ ನಿಂತ ಹಾಗೆ ಅಲ್ಲಾಡದೆ ನಿಂತಿದ್ದರು. ನಾನು ಹಳ್ಳಿಯ ಬಸ್ಸು ಹತ್ತಿ ಕಿಟಕಿಯಿಂದ ನೋಡಿದಾಗಲೂ ಹಾಗೇ ಇದ್ದರು. ನಾನು ಮರೆಯಲಿ ಎಂದು ಕಾದಿದ್ದರೋ ಏನೋ. ನಾನಂತೂ ಮರೆಯಲಿಲ್ಲ.

ಆಮೇಲೆ ಕೊರೋನಾ ಬಂತು. ವಿಶ್ವಕಪ್ ಒಂದು ಸಲ ಮುಂದಕ್ಕೆ ಹೋಯಿತು, ಆಮೇಲೆ ರದ್ದಾಗಿ ಎರಡು ವರ್ಷ ತಡವಾಗಿ ನಡೆಯುವುದೆಂದಾಯಿತು. ಅಷ್ಟರಲ್ಲಿ ಶಿಬಿರದಲ್ಲಿದ್ದ ಹುಡುಗಿಯರಿಗೆ ಹದಿನೇಳು ಮೀರಿ, ಅವರ ಜಾಗಕ್ಕೆ ಚಿಕ್ಕ ಹುಡುಗಿಯರು ಬಂದರು. ನನ್ನ ಅಕ್ಕ ಆಗ ನರ್ಸಿಂಗ್ ಓದುತ್ತಿದ್ದಳು. ಮೇಷ್ಟ್ರು ಅವಳಿಗೆ ಫೋನ್ ಮಾಡಿ, ಆ ಮಕ್ಕಳದ್ದೂ ವಯಸ್ಸು ಮೀರಿಹೋಯಿತು, ಅವರದ್ದಂತೂ ತಾರೀಖು ಸರಿಯಾಗಿತ್ತಲ್ಲ ಎಂದು ಸಂಕಟಪಟ್ಟಿದ್ದರಂತೆ. ಆ ಮಾತು ನನಗೆ ತಲುಪಲಿ ಎಂದೇ ಹೇಳಿದ್ದರೆಂದು ಈಗ ತೋರುತ್ತದೆ. ಆಗ ನಾನು, ತಮ್ಮ ತಪ್ಪು ಮುಚ್ಚಿಕೊಳ್ಳೋಕೆ ಹೇಳ್ತಾರೆ ಬಿಡು ಅಂದುಬಿಟ್ಟೆ.

ಫೋನ್ ಮಾಡಬೇಡಿ ಅಂದಿದ್ದೆನಲ್ಲ, ಎರಡು ವರ್ಷ ಮಾಡಲಿಲ್ಲ. ಆಮೇಲೆ ಒಂದು ದಿನ ಅವರ ನಂಬರ್ ಬಡಿಯಿತು. ನಾನು ಎತ್ತಲಿಲ್ಲ. ಎರಡು ರಿಂಗಿಗೆ ನಿಂತಿತು. ಮತ್ತೆ ಬಡಿಯಿತು, ನಿಂತಿತು. ಹೀಗೆ ಮೂರೋ ನಾಲ್ಕೋ ಸಲ. ಮುದುಕರಿಗೆ ಹುಚ್ಚು ಹಿಡಿದಿದೆ ಅಂದುಕೊಂಡೆ. ಮಾರನೆಯ ದಿನ ಪತ್ರಿಕೆಯ ಆಟದ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಸುದ್ದಿ ಇತ್ತು: ನಮ್ಮ ಹುಡುಗಿಯರು ನೆರೆಯ ದೇಶದ ಮೇಲೆ ಗೆದ್ದಿದ್ದರು. ಫೋನ್ ತೆಗೆದು ಮಿಸ್ಡ್ ಕಾಲ್ ಎಣಿಸಿದೆ. ಎಷ್ಟು ಗೋಲೋ ಅಷ್ಟೇ ಕಾಲ್.

ಅಲ್ಲಿಂದ ಅದೇ ನಮ್ಮ ನಡುವಿನ ಭಾಷೆ. ಫುಟ್‌ಬಾಲ್ ಬಿಟ್ಟೆ ಎಂದು ಹೇಳಿಕೊಂಡು ತಿರುಗುತ್ತಿದ್ದ ನಾನು ಆ ತಂಡದ ಪಂದ್ಯ ಯಾವಾಗ, ಎಲ್ಲಿ ಎಂದು ಗುಟ್ಟಾಗಿ ನೋಡಿಟ್ಟುಕೊಳ್ಳತೊಡಗಿದೆ. ನೇಪಾಳ, ಭೂತಾನದ ಮೇಲೆ ಆಡಿದ ದಿನಗಳಲ್ಲಿ ಫೋನು ಬಡಿದು ಬಡಿದು ಎಣಿಕೆ ತಪ್ಪುತ್ತಿತ್ತು. ಸೋತ ದಿನ, ಒಂದಾದರೂ ಗೋಲು ಹೊಡೆದಿದ್ದರೆ, ಆ ಒಂದು ಮಿಸ್ಡ್ ಕಾಲ್ ತಪ್ಪುತ್ತಿರಲಿಲ್ಲ. ಎದುರಾಳಿಗಳ ಗೋಲು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಕೊನೆಗೂ ವಿಶ್ವಕಪ್ ನಡೆಯಿತು. ಮೊದಲ ದಿನ ಅಮೆರಿಕದವರು ಎಂಟು ಗೋಲು ಹೊಡೆದರು. ನಮ್ಮವರದು ಸೊನ್ನೆ. ಮೊರಾಕೊ ಮೇಲೂ ಸೊನ್ನೆ, ಬ್ರೆಜಿಲ್ ಮೇಲೂ ಸೊನ್ನೆ. ಮೂರು ಪಂದ್ಯಕ್ಕೂ ಫೋನು ಸುಮ್ಮನಿತ್ತು. ಹಾಸ್ಟೆಲಿನ ಟಿವಿಯ ಮುಂದೆ ನಾನೊಬ್ಬಳೇ ಕೂತಿದ್ದೆ. ತರೀಕೆರೆಯಲ್ಲಿ ಅವರೂ ಒಬ್ಬರೇ ಕೂತಿರುತ್ತಾರೆ ಎಂದು ಗೊತ್ತಿತ್ತು. ಸೊನ್ನೆಯನ್ನು ರಿಂಗು ಮಾಡಿ ಹೇಳುವುದು ಹೇಗೆ? ಕೊನೆಯ ಪಂದ್ಯದ ದಿನ ನಾನೇ ಫೋನ್ ಮಾಡಬೇಕಿತ್ತು. ನಂಬರಿನ ಮೇಲೆ ಬೆರಳಿಟ್ಟು ತೆಗೆದೆ.

ಆ ಮೇಲಿನ ವರ್ಷ ಅಕ್ಕನಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಸಿಹಿ ತಿನ್ನುತ್ತಾ ಕೂತಾಗ ಅವ್ವ ಮೇಷ್ಟ್ರ ಮಾತು ತೆಗೆದಳು. ನಾನು ಮುಖ ತಿರುಗಿಸಿದ್ದನ್ನು ಕಂಡು ಅವತ್ತಿನವರೆಗೂ ಹೇಳದಿದ್ದ ಸಂಗತಿಯನ್ನು ಹೇಳಿದಳು. ನಾನು ಐದು ವರ್ಷದವಳಿದ್ದಾಗ ಅವ್ವ ಕಳೆ ಕೀಳುವ ಕೂಲಿಗೆ ಹೋಗಬೇಕಿತ್ತು. ನನ್ನನ್ನು ನೋಡಿಕೊಳ್ಳಲು ಅಕ್ಕನನ್ನು ಶಾಲೆ ಬಿಡಿಸುತ್ತೇನೆಂದು ಹೇಳಲು ಮೇಷ್ಟ್ರ ಬಳಿ ಹೋಗಿದ್ದಳು. ಅವರು ಬೈದರಂತೆ, ಬೇಡಿಕೊಂಡರಂತೆ. ಅವ್ವ ಜಗ್ಗಲಿಲ್ಲ. ಆಗ ಮೇಷ್ಟ್ರು ದಾಖಲಾತಿ ಪುಸ್ತಕ ಎಳೆದುಕೊಂಡರು.

"ಚಿಕ್ಕೋಳ್ನೂ ಇಲ್ಲೇ ಬಿಟ್ಟೋಗಮ್ಮ. ವಯಸ್ಸು ನಾನ್ ತುಂಬಿಸ್ತೀನಿ ಅಂದ್ರು ಕಣೇ," ಅಂದಳು ಅವ್ವ. "ಆ ತಾರೀಖು ಬರೀದೇ ಇದ್ದಿದ್ರೆ ನಿಮ್ಮಕ್ಕ ಈ ಹೊತ್ತು ನನ್ ಜೊತೆ ಕಳೆ ಕೀಳ್ತಿದ್ಲು."

ನನ್ನ ಕೈಯಲ್ಲಿದ್ದ ಮೈಸೂರು ಪಾಕು ಪುಡಿಯಾಯಿತು.

ಅಂದೇ ಹೋಗಿ ಅವರ ಕಾಲು ಹಿಡಿಯಬಹುದಿತ್ತು. ಯಾಕೆ ಹೋಗಲಿಲ್ಲ ಎಂದರೆ, ನಾಚಿಕೆ ಒಂದು. ಮಿಸ್ಡ್ ಕಾಲ್ ಹೇಗೂ ಬರುತ್ತಿದೆಯಲ್ಲ, ಎಲ್ಲ ಸರಿಹೋಗಿದೆಯೆಂಬ ಸೋಮಾರಿತನ ಇನ್ನೊಂದು. ಫೋನ್ ಎತ್ತಿದರೆ ತಪ್ಪಾಯಿತು ಎನ್ನಬೇಕಾಗುತ್ತಿತ್ತು, ಎತ್ತದಿದ್ದರೆ ಗೋಲು ಎಣಿಸಿಕೊಂಡು ಸುಮ್ಮನಿರಬಹುದಿತ್ತು. ಓದು ಮುಗಿಸಿ ನಾನು ಅಜ್ಜಂಪುರದ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಊರಿಗೆ ಹೋಗುವಾಗ ಎಷ್ಟೋ ಸಲ ತರೀಕೆರೆಯ ಮೇಲೆ ಹೋಗುತ್ತಿದ್ದೆ. ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಮೇಷ್ಟ್ರ ಮನೆ ಅಲ್ಲಿಂದ ಮೂರನೇ ಬೀದಿ. ಪ್ರತಿ ಸಲವೂ ಮುಂದಿನ ಸಲ ಇಳಿಯೋಣ ಅಂದುಕೊಂಡು ಕಿಟಕಿಯ ಪಕ್ಕ ಕೂತೇ ಇರುತ್ತಿದ್ದೆ. ಆ ಶಾಲೆಯಲ್ಲಿ ಹುಡುಗಿಯರ ತಂಡ ಕಟ್ಟಿದೆ ಎಂದು ಅವರಿಗೆ ನಾನಾಗಿ ಹೇಳಲಿಲ್ಲ. ಅಕ್ಕ ಹೇಳಿದ್ದಳಂತೆ.

ಈಚೆಗೆ ನಮ್ಮ ಹುಡುಗಿಯರು ಏಷ್ಯಾ ಕಪ್‌ನ ಅರ್ಹತಾ ಪಂದ್ಯಕ್ಕೆ ಹೋದರು. ಮೊದಲ ಪಂದ್ಯದಲ್ಲಿ ಎರಡು ಗೋಲು, ನನ್ನ ಫೋನಿಗೆ ಎರಡು ಮಿಸ್ಡ್ ಕಾಲ್. ಇನ್ನೊಂದು ಪಂದ್ಯ ಉಜ್ಬೇಕಿಸ್ತಾನದ ಮೇಲೆ. ಅದು ಕೈತಪ್ಪದಿದ್ದರೆ ಎರಡು ದಶಕದ ಮೇಲೆ ನಮ್ಮವರಿಗೆ ಏಷ್ಯಾದ ಬಾಗಿಲು ತೆರೆಯುತ್ತಿತ್ತು, ಅದೂ ಆಡಿ ಗೆದ್ದು. ಅವತ್ತು ಮಧ್ಯಾಹ್ನ ನಾನು ಮೈದಾನದಲ್ಲಿ ಮಕ್ಕಳಿಗೆ ಪಾಸ್ ಹೇಳಿಕೊಡುತ್ತಿದ್ದೆ. ಮೇಷ್ಟ್ರ ನಂಬರ್ ಬಡಿಯಿತು. ಪಂದ್ಯ ಶುರುವಾಗಿದ್ದೇ ಗೊತ್ತಾಗಲಿಲ್ಲವಲ್ಲ ಎಂದು ಖುಷಿಯಿಂದ, ನಿಲ್ಲಲಿ ಎಂದು ಕಾದೆ. ಅದು ನಿಲ್ಲಲಿಲ್ಲ, ಕೊನೆಯವರೆಗೂ ಬಡಿಯಿತು. ಮೇಷ್ಟ್ರಿಗೆ ಕತ್ತರಿಸುವುದೇ ಮರೆತಿದೆ ಅಂದುಕೊಂಡೆ. ಒಂದು ಗೋಲಾಯ್ತು ಕಣ್ರೇ ಎಂದು ಮಕ್ಕಳಿಗೆ ಹೇಳಿದೆ. ಅವರು ಕುಣಿದರು.

ಶಾಲೆ ಬಿಟ್ಟ ಮೇಲೆ ಮೊಬೈಲಿನಲ್ಲಿ ನೋಡಿದರೆ ಅರ್ಧ ಆಟದ ಹೊತ್ತಿಗೆ ಗೋಲು ಹೊಡೆದಿದ್ದವರು ಉಜ್ಬೇಕಿಸ್ತಾನದವರು. ನಮ್ಮದು ಸೊನ್ನೆ. ಮೇಷ್ಟ್ರ ಲೆಕ್ಕ ತಪ್ಪಿದ್ದು ಅದೇ ಮೊದಲು, ವಯಸ್ಸಾಯಿತು ಎಂದು ನಕ್ಕೆ. ದ್ವಿತೀಯಾರ್ಧದಲ್ಲಿ ನಮ್ಮ ಹುಡುಗಿಯರು ಒಂದು ಹೊಡೆದರು, ಇನ್ನೊಂದು ಹೊಡೆದರು. ಎರಡು–ಒಂದು. ಗೆದ್ದರು. ನಾನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಕೂಗಿಕೊಂಡೆ. ಫೋನನ್ನು ಮುಂದೆ ಇಟ್ಟುಕೊಂಡು ಕೂತೆ. ಈ ಸಲ ಎತ್ತಬೇಕು ಎಂದು ನಿರ್ಧಾರ ಮಾಡಿದ್ದೆ. ಅದೂ ಮೊದಲನೆಯದಲ್ಲ, ಎರಡನೆಯ ಕಾಲ್ ಎತ್ತಬೇಕು, ಲೆಕ್ಕ ಪೂರ್ತಿಯಾಗಲಿ ಎಂದು. ಫೋನು ಬಡಿಯಲಿಲ್ಲ.

ಬೆಳಿಗ್ಗೆ ಫೋನ್ ಮಾಡಿದ್ದು ಅಕ್ಕ. ಮೇಷ್ಟ್ರು ಹೋದರು ಅಂದಳು.

ತರೀಕೆರೆಯಲ್ಲಿ ಆ ದಿನ ಬಸ್ಸಿನಿಂದ ಇಳಿದೆ. ಮೂರನೇ ಬೀದಿ ಹುಡುಕಬೇಕಾಗಲಿಲ್ಲ, ಜನ ಸೇರಿದ್ದರು. ಮುಖ ನೋಡಲು ಬಿಟ್ಟರು. ಕಾಲು ಬಿಳಿ ಬಟ್ಟೆಯೊಳಗಿತ್ತು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಗಂಡಸರು ಜನಾಜಾ ಹೊತ್ತುಕೊಂಡು ಹೋದರು. ಹೆಂಗಸರ ಜೊತೆ ನಾನು ಮನೆಯಲ್ಲೇ ಉಳಿದೆ. ಮೇಷ್ಟ್ರ ಮಗಳು ಬಂದು ಪಕ್ಕದಲ್ಲಿ ಕೂತರು. ನನಗಿಂತ ಹತ್ತು ವರ್ಷ ದೊಡ್ಡವರು, ತಂದೆಯದೇ ಹಣೆ. ನಾನು ಯಾರೆಂದು ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

"ನಿನ್ನೆ ನಿಮ್ಗೆ ಫೋನ್ ಮಾಡಿದ್ದು ನಾನೇ ಕಣ್ರೀ, ಆಸ್ಪತ್ರೆಯಿಂದ," ಅಂದರು. "ಅಬ್ಬಾ ನಿಮ್ ಹತ್ರ ಒಂದ್ ಮಾತು ಆಡ್ಬೇಕು ಅಂದ್ರು. ಪೂರ್ತಿ ರಿಂಗ್ ಆಯ್ತು, ನೀವು ಎತ್ಲಿಲ್ಲ. ಇನ್ನೊಂದ್ ಸಲ ಮಾಡ್ತೀನಿ ಅಂದೆ. ಕೈ ಹಿಡ್ಕೊಂಡ್ಬಿಟ್ರು. ಬೇಡ, ಇನ್ನೂ ಆಟ ಶುರುವಾಗಿಲ್ಲ, ಆ ಹುಡ್ಗಿ ಗೋಲು ಅಂದ್ಕೋತಾಳೆ, ಸುಳ್ಳಾಗ್ತದೆ ಅಂದ್ರು."

ಯಾವ ಮಾತು ಆಡಬೇಕಿತ್ತಂತೆ ಎಂದು ಕೇಳಿದೆ. ಅವರು ತಲೆಯಾಡಿಸಿದರು. ಅದನ್ನು ಹೇಳಲಿಲ್ಲವಂತೆ. ಆಮೇಲೆ ನಿದ್ದೆ ಹತ್ತಿತಂತೆ, ಗೆದ್ದ ಸುದ್ದಿ ಹೇಳೋಣವೆಂದರೆ ಎಚ್ಚರವಾಗಲಿಲ್ಲವಂತೆ.

ಇಬ್ಬರು ಹುಡುಗಿಯರು ಶಾಲೆಯಲ್ಲಿ ಉಳಿಯಲೆಂದು ಒಂದು ಸುಳ್ಳು ಬರೆದ ಮನುಷ್ಯ. ಅವರಲ್ಲಿ ಒಬ್ಬಳಿಗೆ ಎರಡನೆಯ ಸುಳ್ಳು ಹೇಳಬಾರದೆಂದು ಕೊನೆಯ ಮಾತನ್ನು ಹಾಗೇ ಇಟ್ಟುಕೊಂಡು ಹೋದರು. ನಾನು ಮೈದಾನದಲ್ಲಿ ನಿಂತು, ಅವರು ಅಂದುಕೊಂಡ ಹಾಗೆಯೇ, ಗೋಲು ಎಂದು ಎಣಿಸಿದ್ದೆ.

ಮಗಳು ನೀರು ತರಲು ಒಳಗೆ ಹೋದರು. ಕಿಟಕಿಯ ಕಟ್ಟೆಯ ಮೇಲೆ ಮೇಷ್ಟ್ರ ಕನ್ನಡಕ, ಪೆನ್ನು, ಗುಂಡಿ ಒತ್ತುವ ಹಳೆಯ ಫೋನು ಇದ್ದವು. ನಾನು ಜಗುಲಿಗೆ ಬಂದು ಆ ನಂಬರಿಗೆ ಮಾಡಿದೆ. ಒಳಗೆ ಫೋನು ಬಡಿಯಿತು. ಎರಡು ರಿಂಗಿಗೆ ಕತ್ತರಿಸಿದೆ. ಒಂದು. ಮತ್ತೆ ಮಾಡಿದೆ. ಎರಡು. ಇದನ್ನೂ ಕತ್ತರಿಸಬೇಕಿತ್ತು, ಅದೇ ನಮ್ಮ ಪದ್ಧತಿ. ಕೈ ಬರಲಿಲ್ಲ. ಒಳಗೆ ಹೆಂಗಸರು ಯಾರ ಫೋನೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಎತ್ತಲಿಲ್ಲ. ಅದು ಕೊನೆಯವರೆಗೂ ಬಡಿಯಿತು.